ಜೇನಿಗೆ ಮೊದಲೇ ತಿಳಿದ ಸಾವು

"ನನಗೆ ಗೊತ್ತಾಗಿದ್ದೇ ಕಾನ್‌ಸ್ಟೆಬಲ್ ಪಿನ್ಸೆಂಟ್ ಬಂದು ಬಾಗಿಲು ತಟ್ಟಿದಾಗ, ಸ್ವಾಮಿ. ಅದಕ್ಕೆ ಮುಂಚೆ ನನಗೇನೂ ಗೊತ್ತಿರಲಿಲ್ಲ."

ಉರ್ಸುಲಾ ಲಸ್ಕೋಂಬ್ ಬೈಬಲಿನ ಮೇಲಿಟ್ಟ ಕೈ ತೆಗೆಯದೆ ಇಷ್ಟು ಹೇಳಿದಳು. ನಾನು ಜೂರಿಯವರ ಲೋಟಗಳಿಗೆ ಸೇಬಿನ ಹೆಂಡ ಬಗ್ಗಿಸುತ್ತಿದ್ದೆ. ಹೂಜಿ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಲೋಟ ತುಂಬಿ, ಮೇಜಿನ ಮೇಲೆ ಹರಿದು, ಕಟುಕನ ತೊಡೆ ತೋಯಿಸಿ, ಅವನು ಬೈದ ಮೇಲೆಯೇ ನನಗೆ ಎಚ್ಚರವಾದದ್ದು.

ಅವಳು ಹೇಳಿದ್ದು ಸುಳ್ಳು. ಅದು ಸುಳ್ಳೆಂದು ಗಲ್‌ಕೋಂಬ್ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ನನಗೂ ಗೊತ್ತಾದದ್ದು ಆ ಕ್ಷಣದಲ್ಲೇ.

ಮೊನ್ನೆ ಸಂಜೆ ಅವಳ ಗಂಡ ಗಿಡಿಯನ್ ಸಂಜೆಯ ಗಾಳಿಗಾಡಿಗೆ ಸಿಕ್ಕು ಸತ್ತಿದ್ದ. ಗಾಡಿಯ ಬ್ರೇಕು ಹಿಡಿದಿದ್ದವನು ಏಲಿ ವಿಜರ್, ನನ್ನ ತಂಗಿಯ ಮಗ. ತಂಗಿಯೂ ಅವಳ ಗಂಡನೂ ಸಮುದ್ರದ ಪಾಲಾದ ಮೇಲೆ ನನ್ನ ಈ 'ಕೆಂಪು ಹುಂಜ' ತಂಗುಮನೆಯಲ್ಲೇ ಬೆಳೆದವನು. ಈಗ ನನ್ನ ನಡುಮನೆಯಲ್ಲೇ, ಇಬ್ಬರು ಧಡಿಯರ ನಡುವೆ, ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಎದುರಿಗೆ ಗಿಡಿಯನ್ನನ ಮಗಳು ಟ್ಯಾಮ್ಸಿನ್, ಕಪ್ಪು ಶಾಲಿನೊಳಗೆ ಮುದುಡಿಕೊಂಡು. ಹಿತ್ತಲಿನ ಸೇಬು ಅರೆಯುವ ಕೊಟ್ಟಿಗೆಯಲ್ಲಿ ಗಿಡಿಯನ್ನನ ಹೆಣ. ಅನುಮಾನದ ಸಾವುಗಳ ತನಿಖೆಗೆಂದು ಎಕ್ಸೆಟರಿನಿಂದ ಬಂದ ಅಧಿಕಾರಿ, ಕರೋನರ್ ನಾರ್ತ್‌ಕಾಟ್ ಅವರು, ನನ್ನ ಒಳ್ಳೆಯ ಕುರ್ಚಿಯಲ್ಲಿ ಕೂತು ವಿಚಾರಣೆ ನಡೆಸುತ್ತಿದ್ದರು.

ಅವರ ಮಾತಿನ ಓಟ ಎತ್ತ ಅಂತ ಕುರುಡನಿಗೂ ಕಾಣುತ್ತಿತ್ತು. ಹಳಿಯ ಮೇಲೆ ಮನುಷ್ಯನಿದ್ದದ್ದು ಏಲಿಗೆ ಕಂಡಿತ್ತು, ಆ ಮನುಷ್ಯನ ಮೇಲೆ ಏಲಿಗೆ ದ್ವೇಷವಿತ್ತು, ಆದ್ದರಿಂದ ಬೇಕೆಂದೇ ಬ್ರೇಕು ಹಾಕಲಿಲ್ಲ. ಜೂರಿ ಇದಕ್ಕೆ ಹೂಂ ಅಂದರೆ ಅದರ ಹೆಸರು ಕೊಲೆ. ಸಂಜೆಗೆ ಏಲಿ ಎಕ್ಸೆಟರ್ ಜೈಲಿನಲ್ಲಿ. ಆಮೇಲೆ ನೇಣು.

ಬ್ರೇಕು ಹಾಕಿದೆ, ಆದರೆ ಹಳಿಯ ಮೇಲಿದ್ದವನು ತಲೆಯನ್ನೂ ಎತ್ತಲಿಲ್ಲ ಎಂದು ಏಲಿ ಹೇಳಿದ್ದ. ಯಾರೂ ನಂಬಲಿಲ್ಲ. ನಂಬದಿರಲು ಈ ಹಾಳು ಗಾಡಿಯೂ ಒಂದು ಕಾರಣ. ಬೇರೆ ಊರಿನ ರೈಲಿಗೆ ಮುಂದೊಂದು ಎಂಜಿನ್ ಇರುತ್ತದೆ, ಉಸ್ ಉಸ್ ಎನ್ನುತ್ತದೆ, ಹೊಗೆ ಕಾಣುತ್ತದೆ. ನಮ್ಮದಕ್ಕೆ ಎಂಜಿನ್ನೇ ಇಲ್ಲ. ಹಳಿಗಳ ನಡುವೆ ಉದ್ದಕ್ಕೂ ಕಬ್ಬಿಣದ ಕೊಳವೆ, ಅದರೊಳಗಿನ ಗಾಳಿಯನ್ನು ಪಂಪುಮನೆ ಹೀರುತ್ತದೆ, ಬೆನ್ನಿಗೆ ಬಿದ್ದ ಹೊರಗಾಳಿ ಗಾಡಿಯನ್ನು ತಳ್ಳಿಕೊಂಡು ಬರುತ್ತದೆ. ಬೆಕ್ಕು ಬಂದಷ್ಟು ಮೆತ್ತಗೆ ಬರುತ್ತದೆ. ಹಳಿಯ ಮೇಲೆ ಕೆಲಸ ಮಾಡುವವನಿಗೆ ಕೇಳಿಸುವುದಿಲ್ಲ, ಬ್ರೇಕಿನವನೇ ಕೂಗಬೇಕು. ಏಲಿ ಯಾಕೆ ಕೂಗಲಿಲ್ಲ ಎನ್ನುವುದು ಕರೋನರರ ಪ್ರಶ್ನೆ. ಕೂಗಿದೆ ಎನ್ನುವುದು ಏಲಿಯ ಉತ್ತರ. ಕೇಳಿದವರು ಯಾರೂ ಇಲ್ಲ.

ದ್ವೇಷದ ಸಂಗತಿಗೆ ಮಾತ್ರ ಊರೆಲ್ಲ ಸಾಕ್ಷಿ. ಗಾಡಿಯ ಕೊಂಡಿ ಓಡಾಡಲೆಂದು ಕೊಳವೆಯ ಮೇಲ್ಭಾಗದಲ್ಲಿ ಬಿಟ್ಟ ಸೀಳನ್ನು ಮುಚ್ಚುವ ಚರ್ಮದ ಪಟ್ಟಿಗೆ ಕೊಬ್ಬು, ಮೇಣ ಹಚ್ಚುವುದು ಗಿಡಿಯನ್ನನ ಕೆಲಸ. ಮೇಣವೂ ಬಹುಪಾಲು ಅವನ ಮನೆಯ ಜೇನುಗೂಡುಗಳದ್ದೇ. ಟ್ಯಾಮ್ಸಿನ್ನಳನ್ನು ಕೊಡಿ ಎಂದು ಮೇ ತಿಂಗಳಲ್ಲಿ ಏಲಿ ಕೇಳಿದಾಗ ಗಿಡಿಯನ್ ಇದೇ ನಡುಮನೆಯಲ್ಲಿ, ಎಲ್ಲರೆದುರು ನಕ್ಕಿದ್ದ. "ಚರ್ಮ ಕೊಳೀತಿದೆ ಕಣೋ. ಕೊಬ್ಬನ್ನ ಇಲಿ ತಿಂತಿದಾವೆ. ನಿನ್ನ ಗಾಡಿ ಇನ್ನೊಂದು ಚಳಿಗಾಲ ನೋಡಲ್ಲ. ಆಮೇಲೆ ನನ್ನ ಮಗಳಿಗೆ ಏನು, ಗಾಳಿ ಕುಡಿಸ್ತೀಯಾ?" ಏಲಿ ಅವನ ಕೊರಳಪಟ್ಟಿ ಹಿಡಿದ. ಗಿಡಿಯನ್ ಅವತ್ತಿನಿಂದ ಅವನನ್ನು ತನ್ನ ತೋಟದ ಗೇಟಿನೊಳಗೆ ಬಿಡಲಿಲ್ಲ.

ನಾನೂ ಸುಮ್ಮನಿರುವವಳಲ್ಲ. ಆ ಮುದುಕನ ಕುತ್ತಿಗೆ ನಾನೇ ಹಿಸುಕುತ್ತೇನೆ ಎಂದೆ. ಇನ್ನು ಆ ಮನೆಯ ಹೊಸ್ತಿಲು ತುಳಿದರೆ ಕೇಳಿ ಎಂದು ಆಣೆಯನ್ನೂ ಹಾಕಿದೆ. ಆ ಆಣೆಯಿಂದಲೇ ಮೊನ್ನೆ ಸಂಜೆ ಒಂದು ಪ್ರಶ್ನೆ ಕೇಳದೆ ಬಂದುಬಿಟ್ಟೆ.

ನಾನು ಕತ್ತೆಯ ಮೇಲೆ ಚಿಪ್ಪುಮೀನಿನ ಬುಟ್ಟಿ ಹೇರಿಕೊಂಡು ದಂಡೆಯಿಂದ ಬರುತ್ತಿದ್ದೆ. ದಾರಿ ಲಸ್ಕೋಂಬ್ ಮನೆಯ ತೋಟದ ಗೋಡೆಗೆ ಹತ್ತಿಕೊಂಡೇ ಹೋಗುತ್ತದೆ. ಗೋಡೆಯಾಚೆ ಹುಲ್ಲಿನ ಎರಡು ಜೇನುಗೂಡುಗಳ ತಲೆ ಕಂಡವು. ಎರಡಕ್ಕೂ ಕಪ್ಪು ಬಟ್ಟೆ ಕಟ್ಟಿತ್ತು.

ನಮ್ಮ ಕಡೆ ಮನೆಯಲ್ಲಿ ಸಾವಾದರೆ ಮೊದಲು ಜೇನಿಗೆ ಹೇಳಬೇಕು. ಮನೆಯ ಕೀಲಿಯಿಂದ ಗೂಡನ್ನು ಮೆಲ್ಲಗೆ ತಟ್ಟಿ, ಯಜಮಾನ ಹೋದ ಅಂತ ಹೇಳಿ, ಇನ್ನು ನಿಮ್ಮನ್ನು ನೋಡಿಕೊಳ್ಳುವವರು ಇಂಥವರು ಎಂದು ತಿಳಿಸಿ, ಕಪ್ಪು ಕಟ್ಟಬೇಕು. ಹೇಳದಿದ್ದರೆ ಜೇನು ಮುನಿಸಿಕೊಂಡು ಹೊರಟುಹೋಗುತ್ತದೆ, ಇಲ್ಲವೇ ಗೂಡಿನಲ್ಲೇ ಸಾಯುತ್ತದೆ. ಹೆಣ ತೊಳೆಯುವುದನ್ನಾದರೂ ತಡಮಾಡಿಯಾರು, ಇದನ್ನು ತಡಮಾಡುವವರು ನಮ್ಮಲ್ಲಿ ಇಲ್ಲ.

ಉರ್ಸುಲಾಳ ತವರಿನ ಕಡೆ ಯಾರೋ ಹೋದರು ಅಂದುಕೊಂಡೆ. ವಿಚಾರಿಸಲು ಆಣೆ ಅಡ್ಡ ಬಂತು. ಮುಂದೆ ಹೋಗಿ ಹಳಿ ದಾಟುವ ಕಡೆ ನಿಂತಾಗ ಸಂಜೆಯ ಗಾಡಿ ಸುಯ್ಯೆಂದು ಬಂತು, ಕತ್ತೆ ಹೆದರಿ ಕುಂಡೆ ಊರಿತು. ಅದನ್ನು ಎಬ್ಬಿಸಲು ನಾನು ಒದ್ದಾಡುತ್ತಿರುವಾಗ ಕೆಳಗಿನಿಂದ ಕೂಗು ಕೇಳಿಸಿತು, ಗಿಡಿಯನ್ ಸಿಕ್ಕಿಬಿದ್ದ ಅಂತ.

ಗಾಡಿ ಬಂದದ್ದು ಆಮೇಲೆ. ಕಪ್ಪು ಕಟ್ಟಿದ್ದು ಅದಕ್ಕೂ ಮುಂಚೆ.

ಎರಡು ದಿನ ಇದು ನನ್ನ ತಲೆಯೊಳಗೆ ಸುಮ್ಮನೆ ಬಿದ್ದುಕೊಂಡಿತ್ತು ನೋಡಿ. ಈಗ ಸತ್ತವನ ಮನೆಯ ಗೂಡುಗಳಿಗೆ ಕಪ್ಪು ಇರುವುದು ಸಹಜವೇ ಅಲ್ಲವೇ, ಯಾರಿಗೆ ಅನುಮಾನ ಬರಬೇಕು?

ಹೂಜಿ ಕೆಳಗಿಟ್ಟೆ. ಕರೋನರರ ಬಳಿ ಹೋಗಿ, ಜೂರಿ ಊಟ ಮುಗಿಸುವವರೆಗೆ ತೀರ್ಪು ಕೇಳಬೇಡಿ, ಈ ಕೇಸನ್ನು ತಲೆಕೆಳಗು ಮಾಡುವ ಸಾಕ್ಷಿ ತರುತ್ತೇನೆ ಎಂದೆ. ಅವರು ಮೂಗು ಮುರಿದರು. ಅಷ್ಟರಲ್ಲಿ ಒಳಗಿನಿಂದ ಕುರಿಮಾಂಸದ ಪೈ ಬಂತು, ವಾಸನೆಗೆ ಅವರ ಮನಸ್ಸು ಮೆತ್ತಗಾಯಿತು. ಮೊನ್ನೆ ಸಂಜೆ ಲಸ್ಕೋಂಬ್ ಮನೆಯ ದಾರಿಯಲ್ಲಿ ನೀನಿದ್ದೆಯಾ ಎಂದು ಕೇಳಿದರು. ಇದ್ದೆ ಅಂದೆ. ಬರೆದುಕೊಂಡರು. ನನಗೇನು, ಬರೆದುಕೊಳ್ಳಲಿ ಅಂದುಕೊಂಡೆ.

ನಾಳೆ ಯಾರೂ ಮಾತು ತಿರುಗಿಸಬಾರದೆಂದು ನಮ್ಮೂರ ಕಾನ್‌ಸ್ಟೆಬಲ್ ಪಿನ್ಸೆಂಟನನ್ನೂ ಎಳೆದುಕೊಂಡು ಹೊರಟೆ. ಅವನಿಗೆ ಪೈ ಬಿಟ್ಟುಬರುವ ಇಷ್ಟವಿರಲಿಲ್ಲ. ದಾರಿಯುದ್ದಕ್ಕೂ ಗೊಣಗಿದ.

ಉರ್ಸುಲಾ ಸಾಕ್ಷಿ ಮುಗಿಸಿ ಮನೆಗೆ ಬಂದಿದ್ದಳು. ತೋಟದಲ್ಲಿ ಬರಿಗೈಯಲ್ಲಿ ನಿಂತಿದ್ದಳು. ನನ್ನನ್ನು ಗೇಟಿನೊಳಗೆ ನೋಡಿದವಳೇ, ಏನೂ ಕೇಳದೆ, ಗೂಡುಗಳ ಕಡೆ ತಿರುಗಿ ನೋಡಿದಳು. ಅಲ್ಲೇ ಸಿಕ್ಕಿಬಿದ್ದಳು.

"ಯಾವಾಗ ಕಟ್ಟಿದೆ ಇದನ್ನ?" ಎಂದೆ.

"ಸುದ್ದಿ ಬಂದ ಮೇಲೆ."

"ಉರ್ಸುಲಾ, ನಾನು ನೋಡಿದೀನಿ ಕಣೆ. ಗಾಡಿ ಬರೋಕೆ ಮುಂಚೆ. ಕತ್ತೆ ಜೊತೆ ಇದೇ ಗೋಡೆ ಪಕ್ಕ ಹೋದೆ."

ಅವಳು ಏಪ್ರನ್ನಿನ ತುದಿ ಹಿಡಿದು ತಿರುಚತೊಡಗಿದಳು. ಪಿನ್ಸೆಂಟ್ ಗೊಣಗುವುದನ್ನು ನಿಲ್ಲಿಸಿದ.

"ನಿನ್ನ ಗಂಡನ ಕೈ ನೋಡಿದೆಯಾ?" ನಾನು ಬಿಡಲಿಲ್ಲ. "ಹೆಣ ನಮ್ಮ ಕೊಟ್ಟಿಗೇಲಿ ಮಲಗಿಸಿದವಳು ನಾನು. ಚರ್ಚಿಗೆ ಬರುವಾಗಲೂ ಅವನ ಕೈ ತುಂಬ ಕೊಬ್ಬು, ಮೇಣ. ಅವತ್ತು ಉಗುರಿನ ಸಂದೀಲೂ ಕೊಳೆ ಇಲ್ಲ. ಕೆಲಸ ಮಾಡ್ತಾ ಸತ್ತವನ ಕೈಯಲ್ಲ ಅದು. ಅವನು ಮೊದಲೇ ಸತ್ತಿದ್ದ. ಆಮೇಲೆ ಯಾರೋ ತಂದು ಹಳಿ ಮೇಲೆ ಹಾಕಿದ್ರು. ಹೌದೋ ಅಲ್ವೋ?"

ಅವಳು ಗೂಸ್‌ಬೆರಿ ಪೊದೆಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತಳು. ಆಗ ಅವಳ ಹಿಂದೆ, ಪೊದೆಯ ಮರೆಯಲ್ಲಿ, ಇನ್ನೊಂದು ಗೂಡು ಕಂಡಿತು. ಅದಕ್ಕೂ ಕಪ್ಪು ಕಟ್ಟಿತ್ತು. ಇದ್ಯಾವಾಗ ಬಂತೆಂದು ಪಿನ್ಸೆಂಟ್ ಕೇಳಿದ. ಜೂನಿನಲ್ಲಿ ಹಿಂಡು ಒಡೆದು ಬಂದದ್ದು, ಮೂರನೆಯದು ಎಂದು ಅವಳು ಯಾವುದೋ ಲೋಕದಿಂದ ಉತ್ತರ ಕೊಟ್ಟಳು.

ಆಮೇಲೆ ಉಳಿದದ್ದನ್ನೂ ಹೇಳಿದಳು. ಅವತ್ತು ತೊರೆಯಲ್ಲಿ ಬಟ್ಟೆ ಒಗೆದುಕೊಂಡು ಬಂದಾಗ ಗೂಡುಗಳಿಗೆ ಕಪ್ಪು ಆಗಲೇ ಕಟ್ಟಿತ್ತು. ಯಾರು ಸತ್ತರೆಂದು ಒಳಗೆ ಓಡಿದಳು. ಮನೆಯೊಳಗೆ ಯಾರೂ ಇರಲಿಲ್ಲ. ಅಷ್ಟು ಹೊತ್ತಿಗೆ ಪಿನ್ಸೆಂಟ್ ಬಂದು ಬಾಗಿಲು ತಟ್ಟಿದ. ಅವನು ಬಾಯಿ ಬಿಡುವ ಮೊದಲೇ ಸತ್ತವರು ಯಾರೆಂದು ಅವಳಿಗೆ ತಿಳಿದುಹೋಗಿತ್ತು.

"ಮತ್ತೆ ಯಾಕೆ ಮುಚ್ಚಿಟ್ಟೆ?"

"ಈ ಮನೇಲಿರೋದು ಇಬ್ಬರೇ ಹೆಂಗಸರು, ಹೆಪ್ಸಿ. ನಾನು ಕಟ್ಟಿಲ್ಲ." ಅವಳು ತಲೆ ಎತ್ತಲಿಲ್ಲ. "ಟ್ಯಾಮ್ಸಿನ್ನ ಕೇಳೋಕೆ ನನಗೆ ಧೈರ್ಯ ಬರಲಿಲ್ಲ."

ನನಗೆ ಕನಿಕರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಖುಷಿ ಅದಕ್ಕಿಂತ ಜಾಸ್ತಿಯಾಯಿತು. ಗಾಡಿ ಮೈಮೇಲೆ ಹಾಯುವ ಮೊದಲೇ ಗಿಡಿಯನ್ ಸತ್ತಿದ್ದರೆ ಗಾಡಿ ಹಾಯಿಸಿದವನ ತಪ್ಪೇನು? ನನ್ನ ಹುಡುಗ ಬದುಕಿಕೊಂಡ. ಪಿನ್ಸೆಂಟನಿಗೆ, ಒಂದು ಗೂಡಿನ ಬಟ್ಟೆ ಬಿಚ್ಚಿಕೋ, ಕರೋನರರಿಗೆ ತೋರಿಸಬೇಕು ಎಂದೆ. ಮಣ್ಣಾಗುವ ಮೊದಲು ಬಿಚ್ಚಬಾರದು, ಕೇಡು ಎಂದು ಉರ್ಸುಲಾ ಬೇಡಿಕೊಂಡಳು. ನಾನು ಕೇಳಲಿಲ್ಲ. ಜೇನು ಪಿನ್ಸೆಂಟನ ಟೋಪಿಯ ಸುತ್ತ ಗುಂಯ್ ಎನ್ನುತ್ತಿತ್ತು, ಅವನು ಹಿಂದೆ ಸರಿದ. ನಾನೇ ಜೋರು ಮಾಡಿ ಬಿಚ್ಚಿಸಿದೆ.

ಹೊರಡುವಾಗ ಉರ್ಸುಲಾ ಇನ್ನೊಂದು ಮಾತು ಹೇಳಿದಳು.

"ಅವತ್ತು ಅವರು ಕೈ ತೊಳೆದುಕೊಂಡಿದ್ದು ನಿಮ್ಮ ಮನೆಗೆ ಬರೋಕೆ. ಏಲಿಗೆ ಹೂಂ ಅಂತೀನಿ, ಹುಡುಗಿ ಊಟ ಬಿಟ್ಟಿದಾಳೆ, ಇನ್ನೆಷ್ಟು ಹಟ ಮಾಡಲಿ ಅಂದ್ರು. ಮಧ್ಯಾಹ್ನ ಊಟ ಆದಮೇಲೆ ಹೊರಟ್ರು."

ಮಧ್ಯಾಹ್ನ ನಾನು ದಂಡೆಯಲ್ಲಿದ್ದೆ. ತಂಗುಮನೆಯಲ್ಲಿ ಮಲಗಿದ್ದವನು ಏಲಿಯೊಬ್ಬನೇ. ಎದ್ದು, ಇದೇ ದಾರಿಯಲ್ಲಿ ನಡೆದು, ಪಕ್ಕದ ನಿಲ್ದಾಣಕ್ಕೆ ಹೋಗಿ ಸಂಜೆಯ ಗಾಡಿಯ ಬ್ರೇಕು ಹಿಡಿದಿದ್ದ. ಮೇ ತಿಂಗಳಿನಿಂದ ಗಿಡಿಯನ್ನನ ಮುಖವನ್ನೇ ನೋಡಿಲ್ಲ ಎಂದು ಬೆಳಿಗ್ಗೆ ಪ್ರಮಾಣ ಮಾಡಿ ಹೇಳಿದ್ದ.

ಪಿನ್ಸೆಂಟ್ ನನ್ನ ಮುಖ ನೋಡಲಿಲ್ಲ. ಬಟ್ಟೆಯನ್ನು ಮಡಚಲು ಹೋಗಿ, ಬಿಸಿಲಿಗೆ ಹಿಡಿದು ಅದರ ಅಂಚು ನೋಡುತ್ತ, ಯಾರೋ ಕಪ್ಪು ಬಟ್ಟೆಗೆ ಕಂದು ದಾರದಲ್ಲಿ ಹೊಲಿದಿದ್ದಾರೆ ನೋಡಿ ಎಂದ.

ನೋಡಿದೆ.

ಆ ಹೊಲಿಗೆ ನನ್ನದು. ನನ್ನ ಗಂಡ ಸತ್ತ ದಿನ ಮನೆಯಲ್ಲಿ ಕಪ್ಪು ದಾರ ಮುಗಿದಿತ್ತು, ಅಂಗಡಿಗೆ ಹೋಗುವ ಚೈತನ್ಯ ನನಗಿರಲಿಲ್ಲ. ಕೈಗೆ ಸಿಕ್ಕ ಕಂದು ದಾರದಲ್ಲೇ ಅಂಚು ಮಡಚಿ ಹೊಲಿದೆ. ಮೂಲೆಯಲ್ಲಿ ಮೇಣದ ಬತ್ತಿ ತಾಗಿ ಸುಟ್ಟ ಗುರುತು ಕೂಡ ಹಾಗೇ ಇತ್ತು. ಅವತ್ತು ನಮ್ಮ ಗೂಡುಗಳಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಕೀಲಿ ಹಿಡಿದುಕೊಂಡು ಹೋಗಿ ತಟ್ಟಿದವನು, ಹೇಗೆ ಹೇಳಬೇಕೆಂದು ನನ್ನಿಂದ ಕೇಳಿ ಕಲಿತು ಹೇಳಿದವನು, ಈ ಬಟ್ಟೆ ಕಟ್ಟಿದವನು ಏಲಿ. ಆಮೇಲೆ ಅದನ್ನು ಬಿಚ್ಚಿ ನನ್ನ ಮರದ ಪೆಟ್ಟಿಗೆಯಲ್ಲಿಟ್ಟೆ. ಪೆಟ್ಟಿಗೆಗೆ ಎರಡೇ ಕೀಲಿ. ಒಂದು ನನ್ನ ಸೊಂಟದಲ್ಲಿ. ಇನ್ನೊಂದು ಏಲಿಯ ಕುತ್ತಿಗೆಯ ದಾರದಲ್ಲಿ.

ಬಟ್ಟೆ ಕೊಡು, ನಾನು ಹಿಡಿದುಕೊಳ್ಳುತ್ತೇನೆ ಎಂದೆ. ಆದಷ್ಟು ಸಹಜವಾಗಿಯೇ ಕೇಳಿದೆ ಅಂತ ನನ್ನ ಭಾವನೆ. ಪಿನ್ಸೆಂಟ್ ಅದನ್ನು ಕೋಟಿನ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಇದು ಇನ್ನು ಸಾಕ್ಷಿ, ಹೆಪ್ಸಿಯಮ್ಮ, ನನ್ನ ಹತ್ತಿರವೇ ಇರಬೇಕು ಎಂದ. ನಾನೇ ಎಳೆದುಕೊಂಡು ಬಂದ ಮನುಷ್ಯ. ನಾನೇ ಜೋರು ಮಾಡಿ ಬಿಚ್ಚಿಸಿದ ಬಟ್ಟೆ. ಹಿಂದಿರುಗುವ ದಾರಿಯಲ್ಲಿ ಕೊಳವೆಯ ಪಕ್ಕ ನಡೆಯುತ್ತಿದ್ದಾಗ ಪಂಪುಮನೆ ಗಾಳಿ ಹೀರುವ ಸದ್ದು ಕೇಳುತ್ತಲೇ ಇತ್ತು.

ಕೊಂದಿರಬಹುದೇ? ನನ್ನ ಕೈಯಿಂದ ಉಂಡವನ ಬಗ್ಗೆ ಹೀಗೆ ಯೋಚಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಬೈದುಕೊಳ್ಳುತ್ತಲೇ ಮತ್ತೆ ಯೋಚಿಸಿದೆ.

ನಡುಮನೆಯಲ್ಲಿ ತಟ್ಟೆಗಳು ಖಾಲಿಯಾಗಿದ್ದವು. ಪಿನ್ಸೆಂಟ್ ಕಂಡದ್ದನ್ನೂ ಕೇಳಿದ್ದನ್ನೂ ಒಂದೂ ಬಿಡದೆ ಒಪ್ಪಿಸಿದ, ಗೂಡುಗಳ ಲೆಕ್ಕ ಒಂದನ್ನು ಬಿಟ್ಟು. ಅದನ್ನು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ನಂತರ ಕಪ್ಪು ಬಟ್ಟೆಯನ್ನು ಮೇಜಿನ ಮೇಲೆ ಹರಡಿದ. ಕರೋನರ್ ಅದನ್ನು ಪೆನ್ನಿನ ತುದಿಯಿಂದ ಎತ್ತಿ ಹಿಡಿದು, ಈ ಬಟ್ಟೆಯ ಗುರುತು ಇಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದರು.

ಏಲಿ ತಲೆ ಎತ್ತಿದ. ಬಟ್ಟೆಯನ್ನು ನೋಡಿದ, ಕಂದು ಹೊಲಿಗೆಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಅದು ದೊಡ್ಡಮ್ಮನ ಪೆಟ್ಟಿಗೇದು, ಸ್ವಾಮಿ. ನಾನೇ ಕದ್ದು ತಗೊಂಡಿದ್ದು. ಗಿಡಿಯನ್ನನ್ನ ಹೊಡೆದವನೂ ನಾನೇ, ಗೂಡಿಗೆ ಕಟ್ಟಿದವನೂ ನಾನೇ. ದೊಡ್ಡಮ್ಮನಿಗೆ ಏನೂ ಗೊತ್ತಿಲ್ಲ."

ಮನೆಯೆಲ್ಲ ಗುಸುಗುಸು ಎದ್ದಿತು. ಕರೋನರ್ ಮೇಜು ಕುಟ್ಟಿದರು. ಬರೆದುಕೊಳ್ಳಲು ಹಾಳೆ ತಿರುಗಿಸುತ್ತ, ಎಷ್ಟು ಗೂಡುಗಳಿಗೆ ಕಟ್ಟಿದೆ ಎಂದು ಕೇಳಿದರು.

"ಎಷ್ಟಿವೆಯೋ ಅಷ್ಟಕ್ಕೂ. ಎರಡೂ ಗೂಡಿಗೆ."

ಎರಡೂ ಗೂಡಿಗೆ! ಜೂನಿನಲ್ಲಿ ಬಂದ ಮೂರನೆಯದು ಅವನಿಗೆ ಗೊತ್ತೇ ಇಲ್ಲ. ಮೇ ತಿಂಗಳಿನಿಂದ ಅವನು ಆ ತೋಟದೊಳಗೆ ಕಾಲಿಟ್ಟೇ ಇಲ್ಲ. ಎದ್ದು ನಿಂತವನ ಅಂಗಿಯ ಕತ್ತು ತೆರೆದಿತ್ತು. ದಾರ ಇತ್ತು, ಅದರಲ್ಲಿ ಕೀಲಿ ಇರಲಿಲ್ಲ.

ಮತ್ತೆ ಯಾಕೆ? ಅವನ ಮುಖ ನೋಡಿದೆ. ಆ ಮುಖ ನನಗೆ ಗೊತ್ತು. ಚಿಕ್ಕವನಿದ್ದಾಗ ಪಾದ್ರಿಗಳ ಗಾಜಿನ ಹೂಜಿ ನನ್ನ ಕೈಜಾರಿ ಒಡೆದಾಗ, ನಾನು ಒಡೆದೆ ಅಂತ ಮುಂದೆ ಬಂದು ಏಟು ತಿಂದಿದ್ದನಲ್ಲ, ಅವತ್ತಿನ ಅದೇ ಮುಖ. ಮುದುಕನ ಕುತ್ತಿಗೆ ಹಿಸುಕುತ್ತೇನೆಂದು ಊರೆದುರು ಕೂಗಿದವಳು ನಾನು. ಅವತ್ತು ಆ ದಾರಿಯಲ್ಲಿ ಇದ್ದವಳು ನಾನು. ಬಟ್ಟೆ ನನ್ನದು. ಗಿಡಿಯನ್ನನ್ನು ಕೊಂದವಳು ನಾನೆಂದು ನನ್ನ ಮಗು ನಂಬಿಬಿಟ್ಟಿದೆ, ನನಗೋಸ್ಕರ ನೇಣಿಗೆ ಹೊರಟಿದೆ. ಅರ್ಧ ಗಂಟೆಯ ಕೆಳಗೆ ನಾನು ಅವನ ಬಗ್ಗೆ ಯೋಚಿಸಿದ್ದನ್ನೇ ಅವನು ನನ್ನ ಬಗ್ಗೆ ಯೋಚಿಸಿದ್ದಾನೆ, ಆದರೂ ಎದ್ದು ನಿಂತಿದ್ದಾನೆ. ನನಗೆ ಅಳು ಒತ್ತರಿಸಿಕೊಂಡು ಬಂತು.

ಪಿನ್ಸೆಂಟ್ ಹುಬ್ಬು ಗಂಟಿಕ್ಕಿ ನನ್ನ ಕಡೆ ನೋಡಿದ. ಅವನೂ ಮೂರನೆಯ ಗೂಡು ಕಂಡವನೇ. ಆದರೆ ಬಾಯಿ ಬಿಡುವ ಲಕ್ಷಣ ಇರಲಿಲ್ಲ. ತಪ್ಪೊಪ್ಪಿಗೆ ಸಿಕ್ಕಿದ ಮೇಲೆ ಕೆದಕಿ ಕೆಲಸ ಹೆಚ್ಚಿಸಿಕೊಳ್ಳುವವನಲ್ಲ ಅವನು. ಎದುರಿನ ಬೆಂಚಿನಲ್ಲಿ ಟ್ಯಾಮ್ಸಿನ್ ಶಾಲಿನೊಳಗೆ ಕೈ ತೂರಿಸಿ ತನ್ನ ಎದೆಯ ಹತ್ತಿರ ಏನನ್ನೋ ಬಿಗಿಯಾಗಿ ಹಿಡಿದುಕೊಂಡಿದ್ದಳು. ಏಲಿಯ ದಾರದಿಂದ ಹೋದ ಕೀಲಿಯೇ ಇರಬಹುದೇ? ನನಗೆ ಕಾಣಲಿಲ್ಲ.

ಕರೋನರ್ ಹಾಳೆಯನ್ನು ಏಲಿಯ ಕಡೆ ತಳ್ಳಿದರು. ಅವನು ಸಹಿ ಹಾಕಲು ಪೆನ್ನು ತೆಗೆದುಕೊಂಡ.

"ಅಲ್ಲಿರೋದು ಮೂರು ಗೂಡು, ಸ್ವಾಮಿ. ಆ ಹುಡುಗ ಸುಳ್ಳು ಹೇಳ್ತಿದಾನೆ," ಎಂದೆ. "ಬಟ್ಟೆ ನಂದು. ಪೆಟ್ಟಿಗೆ ಕೀಲಿ ಇರೋದೂ ನನ್ನ ಹತ್ತಿರ ಮಾತ್ರ."

ಸೊಂಟದಿಂದ ಕೀಲಿ ಬಿಚ್ಚಿ ಬಟ್ಟೆಯ ಮೇಲಿಟ್ಟೆ. ಏಲಿ, ಬೇಡ ದೊಡ್ಡಮ್ಮ, ಬೇಡ ಎನ್ನುತ್ತ ನನ್ನ ಕಡೆ ಬರಲು ನೋಡಿದ, ಧಡಿಯರು ಅವನನ್ನು ಹಿಡಿದು ಕೂರಿಸಿದರು. ಕರೋನರ್ ಊಟಕ್ಕೆ ಮುಂಚೆ ತಾವು ಬರೆದುಕೊಂಡಿದ್ದ ಹಾಳೆಯನ್ನು ಹುಡುಕಿ ತೆಗೆದರು. ಪಿನ್ಸೆಂಟ್ ಎದ್ದು ಹೋಗಿ ನನ್ನ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ.